ಪಾರವ್ವನ ಕಳೆದುಹೋದ ಟ್ರಿಣ್

ಹೂಂ ಅನ್ನುವವರಿಗೆ ಮಾತ್ರ ಈ ಕತೆ. ಹೂಂ ಅಂದಿರಾ? ಹಿಂದೆ ಕೂತವರದು ಕೇಳಿಸಲಿಲ್ಲ. ಹಾಂ, ಈಗ ಸರಿ.

ಒಂದು ಗುಡ್ಡ. ಗುಡ್ಡದ ಬುಡದಲ್ಲಿ ಒಂದು ಶಾಲೆ. ಶಾಲೆಯಲ್ಲೇ ಉಂಡು ಶಾಲೆಯಲ್ಲೇ ಮಲಗುವ ನಲವತ್ತು ಹುಡುಗಿಯರು. ಆ ನಲವತ್ತು ಹುಡುಗಿಯರಿಗೆ ರೊಟ್ಟಿ ಬಡಿಯುವವಳು ಪಾರವ್ವ. ಪಾರವ್ವನ ಕೈ ಮೆತ್ತಗೆ. ಪಾರವ್ವನ ರೊಟ್ಟಿ ಇನ್ನೂ ಮೆತ್ತಗೆ. ಬಾಯಿ ಮಾತ್ರ ಜೋರು.

ಪಾರವ್ವನ ತಮ್ಮನಿಗೆ ಹೆಣ್ಣು ಕೂಸು ಹುಟ್ಟಿತ್ತು. ಇವತ್ತು ಆ ಕೂಸನ್ನು ತೊಟ್ಟಿಲಿಗೆ ಹಾಕಿ ಹೆಸರಿಡುವ ದಿನ. ಅವರ ಕಡೆ ಹೆಸರಿಡುವವರು ಯಾರು? ಅಪ್ಪ ಅಲ್ಲ. ಅವ್ವ ಅಲ್ಲ. ಅಜ್ಜಿ ಕೂಡ ಅಲ್ಲ. ಸೋದರತ್ತೆ. ಅತ್ತೆ ತೊಟ್ಟಿಲಿಗೆ ಬಗ್ಗಬೇಕು. ಕೂಸಿನ ಕಿವಿಯಲ್ಲಿ "ಕುರ್ರ್" ಅನ್ನಬೇಕು. ಆಮೇಲೆ ಹೆಸರು ಹೇಳಬೇಕು. ಹೇಳಿದ ಕೂಡಲೇ ಸುತ್ತ ನಿಂತವರೆಲ್ಲ ಅತ್ತೆಯ ಬೆನ್ನಿಗೆ ಗುದ್ದಬೇಕು. ಯಾಕೆ ಗುದ್ದಬೇಕು ಅಂತ ನನ್ನನ್ನು ಕೇಳಬೇಡಿ. ಗುದ್ದಬೇಕು, ಅಷ್ಟೇ.

ಪಾರವ್ವ ಊರಿಗೆ ಹೊರಟೇ ಇದ್ದಳು. ಅಷ್ಟರಲ್ಲಿ ಇನ್ನೊಬ್ಬ ಅಡುಗೆಯಾಕೆಗೆ ಜ್ವರ ಬಂತು. ನಲವತ್ತು ಹುಡುಗಿಯರನ್ನು ಉಪವಾಸ ಬಿಟ್ಟು ಹೋಗುವುದು ಹೇಗೆ? ಹೋಗಲಿಲ್ಲ. ಅಕ್ಕಾ, ಹನ್ನೆರಡು ಗಂಟೆಗೆ ಫೋನ್ ಮಾಡ್ತೀನಿ, ಫೋನಿನಲ್ಲೇ ಹೆಸರಿಡು ಅಂತ ತಮ್ಮ ಹೇಳಿದ್ದ. ಹೆಸರನ್ನು ಪಾರವ್ವ ಆಗಲೇ ಆರಿಸಿ ಇಟ್ಟುಕೊಂಡಿದ್ದಳು. ಯಾರಿಗೂ ಹೇಳಿರಲಿಲ್ಲ. ಕೂಸಿನ ಕಿವಿಗಿಂತ ಮೊದಲು ಬೇರೆ ಕಿವಿಗೆ ಬೀಳಬಾರದು.

ಮೊಬೈಲು ಇಲ್ಲವೇ ಅಂತೀರಾ? ಇದೆ. ಆದರೆ ಗುಡ್ಡ ಅಡ್ಡ ಕೂತಿದೆ, ಸಿಗ್ನಲ್ ಬರೋದಿಲ್ಲ. ಶಾಲೆಗೆಲ್ಲ ಒಂದೇ ಫೋನು. ಆಫೀಸಿನ ಮೇಜಿನ ಮೇಲಿನ ಕರೀ ಫೋನು. ಇಂಟರ್ನೆಟ್ಟಿನ ವಯರಿನಲ್ಲಿ ಮಾತಾಡುವ ಫೋನು. ದಿನಾ ಬೆಳಿಗ್ಗೆ ಯಾರಾದರೊಬ್ಬಳ ಅವ್ವ ಫೋನ್ ಮಾಡುತ್ತಿದ್ದಳು. ದಿನಾ ಬೆಳಿಗ್ಗೆ ಅದು ಟ್ರಿಣ್ ಟ್ರಿಣ್ ಅನ್ನುತ್ತಿತ್ತು.

ಆ ದಿನ ಬೆಳಿಗ್ಗೆ ಟ್ರಿಣ್ ಇಲ್ಲ. ಎತ್ತಿ ಕಿವಿಗಿಟ್ಟರೆ ಗುಂಯ್ ಕೂಡ ಇಲ್ಲ. ಫೋನಿನ ಮುಖದ ಮೇಲೆ ಪುಟ್ಟ ಬೆಳಕು. ಬೆಳಕಿನಲ್ಲಿ ಒಂದೇ ಮಾತು. ಹುಡುಕುತ್ತಿದ್ದೇನೆ. ಹುಡುಕುತ್ತಿದ್ದೇನೆ.

ಪಾರವ್ವನಿಗೆ ಅಳು ಬಂತು. ಅಳು ಬಂದರೆ ಅವಳಿಗೆ ಜೊತೆಗೇ ಸಿಟ್ಟೂ ಬರುತ್ತದೆ. "ಟ್ರಿಣ್ ಅನ್ನೂತನಕ ನಾ ಒಲಿ ಹಚ್ಚಂಗಿಲ್ಲ" ಅಂದಳು. ಬೆಳಿಗ್ಗೆ ಎಲ್ಲರಿಗೂ ಒಂದೊಂದು ಬೊಗಸೆ ಚುರಮರಿ ಕೊಟ್ಟಳು. ಒಲೆ ತಣ್ಣಗೆ ಕೂತಿತು.

ಆಮೇಲೆ ಪಾರವ್ವ ಫೋನಿನ ಮುಂದೆ ನಿಂತಳು. "ಯಾಕೋ ಫೋನಪ್ಪಾ, ಟ್ರಿಣ್ ಅನ್ನವಲ್ಲಿ?"

ಫೋನು ಹೇಳಿತು, "ನನಗ ದಾರಿ ತಿಳೀವಲ್ದು, ಪಾರಕ್ಕ. ದಾರಿ ಹೇಳಾಂವ ಸ್ವಿಚ್ಚಪ್ಪ. ಅಂವ ಹೇಳವಲ್ಲ."

ಪಾರವ್ವ ಸೆರಗು ಸಿಕ್ಕಿಸಿದಳು. ದಡದಡ ನಡೆದಳು. ನಡೆಯುತ್ತಾ ಹೇಳಿಕೊಂಡಳು.

ದಾರಿಯಿಲ್ಲದೆ ಟ್ರಿಣ್ ಇಲ್ಲ,
ಟ್ರಿಣ್ ಇಲ್ಲದೆ ಕೂಸಿಗೆ ಹೆಸರಿಲ್ಲ.

ಸ್ವಿಚ್ಚು ಅಂದರೆ ದೀಪ ಹಾಕುವ ಸ್ವಿಚ್ಚಲ್ಲ, ಮಕ್ಕಳೇ. ಇದು ಗೋಡೆಯ ಮೇಲೆ ಕೂತ ನೀಲಿ ಪೆಟ್ಟಿಗೆ. ಮೈತುಂಬ ತೂತು, ತೂತಿಗೊಂದು ವಯರು, ವಯರಿಗೊಂದು ಹಸಿರು ದೀಪ. ಯಾರ ಮಾತು ಯಾವ ದಾರಿಯಲ್ಲಿ ಹೋಗಬೇಕು ಅಂತ ಹೇಳುವುದೇ ಅದರ ಕೆಲಸ. ಕಂಪ್ಯೂಟರಿಗೆ ಒಂದು ದಾರಿ. ಫೋನಿಗೆ ಒಂದು ದಾರಿ. ಹಳೇ ಸ್ವಿಚ್ಚು ನಿನ್ನೆ ಮಧ್ಯಾಹ್ನ ಸಿಡಿಲಿಗೆ ಸುಟ್ಟಿತು. ಸಂಜೆಗೆ ಬಂದದ್ದು ಹೊಸದು.

ಪಾರವ್ವ ಕೇಳಿದಳು, "ಸ್ವಿಚ್ಚಪ್ಪಾ, ಸ್ವಿಚ್ಚಪ್ಪಾ, ಫೋನಿಗೆ ದಾರಿ ಹೇಳು."

"ಆಗೂದಿಲ್ಲ, ಪಾರಕ್ಕ" ಅಂದಿತು ಸ್ವಿಚ್ಚು. ಅದು ಸೊಕ್ಕಿನಿಂದ ಅನ್ನಲಿಲ್ಲ, ಪಾಪ. ಆ ಫೋನು ಹುಟ್ಟಿದ್ದು ಒಂದು ಕಂಪನಿಯಲ್ಲಿ, ತಾನು ಹುಟ್ಟಿದ್ದು ಇನ್ನೊಂದು ಕಂಪನಿಯಲ್ಲಿ ಅಂತ ಹೇಳಿತು. ಹಳೇ ಸ್ವಿಚ್ಚು ಫೋನಿನ ಮನೆಯದೇ. ಅದಕ್ಕೆ ಫೋನು ದಾರಿ ಕೇಳುವುದು ತನ್ನ ಮನೆಮಾತಿನಲ್ಲಿ. ಹೊಸ ಸ್ವಿಚ್ಚಿಗೆ ಆ ಮಾತು ಬರೋದಿಲ್ಲ.

"ಎಲ್ಲಾ ಮನಿಯವರೂ ಆಡೋ ಒಂದು ಮಾತು ಅದ. ಅದು ನನಗೂ ಬರ್ತದ, ಫೋನಿಗೂ ಬರ್ತದ. ಆದ್ರ ಅಪ್ಪಣೆ ಇಲ್ದ ನಾ ಆ ಮಾತು ಆಡಂಗಿಲ್ಲ. ಅಪ್ಪಣೆ ಕೊಡಾವ್ರು ಸೈಫನ್ ಸರ್."

ಪಾರವ್ವ ಸೆರಗು ಸಿಕ್ಕಿಸಿದಳು. ದಡದಡ ನಡೆದಳು. ನಡೆಯುತ್ತಾ ಹೇಳಿಕೊಂಡಳು.

ಅಪ್ಪಣೆಯಿಲ್ಲದೆ ದಾರಿಯಿಲ್ಲ,
ದಾರಿಯಿಲ್ಲದೆ ಟ್ರಿಣ್ ಇಲ್ಲ,
ಟ್ರಿಣ್ ಇಲ್ಲದೆ ಕೂಸಿಗೆ ಹೆಸರಿಲ್ಲ.

ಸೈಫನ್ ಸರ್ ಕಂಪ್ಯೂಟರ್ ಕಲಿಸುವ ಮೇಷ್ಟ್ರು. ಹೊಸ ಸ್ವಿಚ್ಚನ್ನು ಗೋಡೆಗೆ ಕೂರಿಸಿದ್ದು ಅವರೇ. ಹಸಿರು ದೀಪ ಹತ್ತಿತು, ಎಲ್ಲ ಸರಿಯಾಯಿತು ಅಂದುಕೊಂಡು ಕೈ ಒರೆಸಿಕೊಂಡಿದ್ದರು. ಪಾರವ್ವ ಹೇಳಿದ್ದನ್ನು ಕೇಳಿ ಅವರು ನಾಲಿಗೆ ಕಚ್ಚಿಕೊಂಡರು.

ಪಾರವ್ವ ಕೇಳಿದಳು, "ಸರ್, ಸರ್, ಸ್ವಿಚ್ಚಿಗೆ ಅಪ್ಪಣೆ ಕೊಡ್ರಿ."

"ಆಗೂದಿಲ್ಲ, ಪಾರಕ್ಕ" ಅಂದರು ಸೈಫನ್ ಸರ್. ಅಪ್ಪಣೆಯನ್ನು ಲ್ಯಾಪ್‌ಟಾಪಿನಲ್ಲಿ ಬರೆಯಬೇಕು. ಲ್ಯಾಪ್‌ಟಾಪಿನಿಂದ ಸ್ವಿಚ್ಚಿಗೆ ಒಂದು ವಯರು ಹಾಕಬೇಕು. ಆ ವಯರು ನಿನ್ನೆ ಸಂಜೆಯಿಂದ ಕಾಣಿಸುತ್ತಿಲ್ಲ. ಎಳೆದುಕೊಂಡು ಹೋದದ್ದು ಬೆಕ್ಕು.

ಪಾರವ್ವ ಸೆರಗು ಸಿಕ್ಕಿಸಿದಳು. ದಡದಡ ನಡೆದಳು. ನಡೆಯುತ್ತಾ ಹೇಳಿಕೊಂಡಳು.

ವಯರಿಲ್ಲದೆ ಅಪ್ಪಣೆಯಿಲ್ಲ,
ಅಪ್ಪಣೆಯಿಲ್ಲದೆ ದಾರಿಯಿಲ್ಲ,
ದಾರಿಯಿಲ್ಲದೆ ಟ್ರಿಣ್ ಇಲ್ಲ,
ಟ್ರಿಣ್ ಇಲ್ಲದೆ ಕೂಸಿಗೆ ಹೆಸರಿಲ್ಲ.

ಬೆಕ್ಕು ಉಗ್ರಾಣದಲ್ಲಿತ್ತು. ಜೋಳದ ಚೀಲದ ಮೇಲೆ ವಯರು ಸಿಂಬಿ ಸುತ್ತಿಕೊಂಡು ಬಿದ್ದಿತ್ತು. ಸಿಂಬಿಯ ನಡುವೆ ಮೂರು ಮರಿ. ಮರಿಗಳ ಮೇಲೆ ಬೆಕ್ಕು.

"ಬೆಕ್ಕವ್ವಾ, ಬೆಕ್ಕವ್ವಾ, ವಯರು ಕೊಡು."

"ಆಗೂದಿಲ್ಲ, ಪಾರಕ್ಕ. ನಾ ಎದ್ರ ಮರಿ ಏಳ್ತಾವ, ಮರಿ ಎದ್ರ ಅಳ್ತಾವ. ನನಗೊಂದು ಬಟ್ಟಲ ಹಾಲು ತಾ. ಆಮ್ಯಾಲ ಏಳ್ತೀನಿ."

ಹಾಲಿನ ಪಾತ್ರೆ ಬರಿದಾಗಿತ್ತು. ಗಡಿಯಾರ ಹತ್ತೂವರೆ ಹೊಡೆಯಿತು. ಊರಿನಲ್ಲಿ ಈಗ ತೊಟ್ಟಿಲಿಗೆ ಹೂವು ಕಟ್ಟುತ್ತಿರಬೇಕು.

ಪಾರವ್ವ ಸೆರಗು ಸಿಕ್ಕಿಸಿದಳು. ದಡದಡ ನಡೆದಳು. ನಡೆಯುತ್ತಾ ಹೇಳಿಕೊಂಡಳು. ನೀವೂ ಹೇಳಿ.

ಹಾಲಿಲ್ಲದೆ ವಯರಿಲ್ಲ,
ವಯರಿಲ್ಲದೆ ಅಪ್ಪಣೆಯಿಲ್ಲ,
ಅಪ್ಪಣೆಯಿಲ್ಲದೆ ದಾರಿಯಿಲ್ಲ,
ದಾರಿಯಿಲ್ಲದೆ ಟ್ರಿಣ್ ಇಲ್ಲ,
ಟ್ರಿಣ್ ಇಲ್ಲದೆ ಕೂಸಿಗೆ ಹೆಸರಿಲ್ಲ.

ಎಮ್ಮೆ ಹಿತ್ತಲಲ್ಲಿ ನಿಂತಿತ್ತು. ಕಣ್ಣು ಮುಚ್ಚಿತ್ತು. ಬಾಲ ಮಾತ್ರ ಆಡುತ್ತಿತ್ತು.

"ಎಮ್ಮೆವ್ವಾ, ಎಮ್ಮೆವ್ವಾ, ಹಾಲು ಕೊಡು."

ಎಮ್ಮೆ ಒಂದು ಕಣ್ಣು ತೆರೆಯಿತು. ಆ ಕಣ್ಣು ಮುಚ್ಚಿತು. ಇನ್ನೊಂದು ತೆರೆಯಿತು. ಎಮ್ಮೆಗೆ ಅವಸರ ಅನ್ನುವುದೇ ಗೊತ್ತಿಲ್ಲ ನೋಡಿ.

"ಆಗೂದಿಲ್ಲ, ಪಾರಕ್ಕ" ಅಂದಿತು. ಬೆಳಗಿನ ಹಾಲು ಬೆಳಿಗ್ಗೆಯೇ ಕೊಟ್ಟಾಯಿತು. ಇನ್ನೊಂದು ಬಟ್ಟಲು ಬೇಕಾದರೆ ಹಸೀ ಮೇವು ಬೇಕು. ಒಣಗಿದ್ದಲ್ಲ, ಹಸೀದು. ಅದನ್ನು ಕೊಯ್ಯುವವನು ಮಾನಪ್ಪ ಕಾಕಾ.

ಪಾರವ್ವ ಸೆರಗು ಸಿಕ್ಕಿಸಿದಳು. ದಡದಡ ನಡೆದಳು. ನಡೆಯುತ್ತಾ ಹೇಳಿಕೊಂಡಳು.

ಮೇವಿಲ್ಲದೆ ಹಾಲಿಲ್ಲ,
ಹಾಲಿಲ್ಲದೆ ವಯರಿಲ್ಲ,
ವಯರಿಲ್ಲದೆ ಅಪ್ಪಣೆಯಿಲ್ಲ,
ಅಪ್ಪಣೆಯಿಲ್ಲದೆ ದಾರಿಯಿಲ್ಲ,
ದಾರಿಯಿಲ್ಲದೆ ಟ್ರಿಣ್ ಇಲ್ಲ,
ಟ್ರಿಣ್ ಇಲ್ಲದೆ ಕೂಸಿಗೆ ಹೆಸರಿಲ್ಲ.

ಮಾನಪ್ಪ ಕಾಕಾ ಶಾಲೆಯ ಕಾವಲುಗಾರ. ತಲೆಯ ಮೇಲೆ ದೊಡ್ಡ ರುಮಾಲು. ಬಾಯಲ್ಲಿ ಒಂದೂ ಹಲ್ಲಿಲ್ಲ. ಬೇವಿನ ಮರದ ಕೆಳಗೆ ಹೊಟ್ಟೆ ಹಿಡಿದುಕೊಂಡು ಕೂತಿದ್ದ. ಕುಡುಗೋಲು ಪಕ್ಕದಲ್ಲಿ ಮಲಗಿತ್ತು.

"ಮಾನಪ್ಪ ಕಾಕಾ, ಮಾನಪ್ಪ ಕಾಕಾ, ಒಂದು ಹೊರೆ ಮೇವು ಕೊಯ್ಕೊಡು."

"ಆಗೂದಿಲ್ಲ, ಪಾರವ್ವ. ಕೈಯಾಗ ಕಸುವಿಲ್ಲ. ಮುಂಜಾನಿಂದ ಹೊಟ್ಟಿಗೇನೂ ಇಲ್ಲ."

"ಯಾಕ? ಚುರಮರಿ ಕೊಟ್ಟಿದ್ನಲ್ಲ."

ಮಾನಪ್ಪ ಕಾಕಾ ಬಾಯಿ ತೆರೆದು ತೋರಿಸಿದ. "ಇದ್ರಾಗ ಚುರಮರಿ ಹ್ಯಾಂಗ ಅಗೀಲವ್ವ? ಮೆತ್ತನ್ನ ಬಿಸಿರೊಟ್ಟಿ ಕೊಡು. ಆಮ್ಯಾಲ ಬೇಕಾದ್ರ ಎರಡು ಹೊರಿ ಕೊಯ್ತೀನಿ."

ಪಾರವ್ವ ಸೆರಗು ಸಿಕ್ಕಿಸಿದಳು. ದಡದಡ ನಡೆದಳು. ರೊಟ್ಟಿ ಎಲ್ಲಿ ಸಿಗುತ್ತದೆ? ಅಡುಗೆಮನೆಯಲ್ಲಿ. ಅಡುಗೆಮನೆಗೇ ಬಂದಳು. ಒಲೆ ತಣ್ಣಗಿತ್ತು. ಹಂಚು ತಣ್ಣಗಿತ್ತು. ಪಾರವ್ವ ಸೊಂಟದ ಮೇಲೆ ಕೈಯಿಟ್ಟು ಒಲೆಯನ್ನೇ ಕೇಳಿದಳು, "ಒಲಿಯವ್ವಾ, ಒಲಿಯವ್ವಾ, ರೊಟ್ಟಿ ಯಾಕ ಇಲ್ಲ?"

ಒಲೆ ಹೇಳಿತು, "ಬೆಂಕಿ ಇಲ್ಲ, ಪಾರಕ್ಕ."

"ಬೆಂಕಿ ಯಾಕ ಇಲ್ಲ?"

"ಟ್ರಿಣ್ ಅನ್ನೂತನಕ ಹಚ್ಚಂಗಿಲ್ಲ ಅಂತ ಯಾರೋ ಹೇಳ್ಯಾರ."

ಯಾರು ಹೇಳಿದ್ದು, ಮಕ್ಕಳೇ? ನೀವು ಹೇಳಬೇಡಿ. ಪಾರವ್ವನೇ ಹೇಳಲಿ. ಅವಳು ಬೆರಳು ಮಡಚುತ್ತಾ ಮೆಲ್ಲಗೆ ಹೇಳಿಕೊಂಡಳು.

ಬೆಂಕಿಯಿಲ್ಲದೆ ರೊಟ್ಟಿಯಿಲ್ಲ,
ರೊಟ್ಟಿಯಿಲ್ಲದೆ ಮೇವಿಲ್ಲ,
ಮೇವಿಲ್ಲದೆ ಹಾಲಿಲ್ಲ,
ಹಾಲಿಲ್ಲದೆ ವಯರಿಲ್ಲ,
ವಯರಿಲ್ಲದೆ ಅಪ್ಪಣೆಯಿಲ್ಲ,
ಅಪ್ಪಣೆಯಿಲ್ಲದೆ ದಾರಿಯಿಲ್ಲ,
ದಾರಿಯಿಲ್ಲದೆ ಟ್ರಿಣ್ ಇಲ್ಲ,
ಟ್ರಿಣ್ ಇಲ್ಲದೆ...

ಟ್ರಿಣ್ ಇಲ್ಲದೆ ಬೆಂಕಿಯಿಲ್ಲ.

ಪಾರವ್ವ ಕಣ್ಣು ಅರಳಿಸಿದಳು. ಆಮೇಲೆ ನಕ್ಕಳು. ಹೊಟ್ಟೆ ಹಿಡಿದುಕೊಂಡು ನಕ್ಕಳು. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಊರೆಲ್ಲ ಅಲೆದ ಹಾಗಾಯಿತು. "ಎಲ್ಲಾ ಬಿಟ್ಟು ನನ್ನ ಸಿಟ್ಟೇ ಅಡ್ಡ ಕುಂತಿತ್ತಲ್ಲ" ಅಂದಳು.

ಕಡ್ಡಿ ಗೀರಿದಳು. ಒಲೆ ಹೊತ್ತಿತು. ಹಂಚು ಕಾಯಿತು. ಪಟಪಟ ಪಟಪಟ ರೊಟ್ಟಿ ಬಡಿದಳು. ಉಬ್ಬಿದ ರೊಟ್ಟಿಯನ್ನು ಬೇಳೆಯಲ್ಲಿ ಅದ್ದಿ, ಹಲ್ಲಿಲ್ಲದ ಬಾಯಿಗೆ ತಕ್ಕ ಹಾಗೆ ಮಾಡಿ ಒಯ್ದಳು. ಬೇಳೆ ನಿನ್ನೆಯದು, ಆದರೆ ಬಿಸಿ ಮಾಡಿದ್ದಳು ಬಿಡಿ.

ರೊಟ್ಟಿ ತಿಂದ ಕಾಕಾ ಮೇವು ಕೊಯ್ದ.
ಮೇವು ತಿಂದ ಎಮ್ಮೆ ಹಾಲು ಕೊಟ್ಟಿತು.
ಹಾಲು ಕುಡಿದ ಬೆಕ್ಕು ವಯರು ಬಿಟ್ಟಿತು.
ವಯರು ಸಿಕ್ಕ ಸರ್ ಅಪ್ಪಣೆ ಬರೆದರು.

ಎರಡೇ ಸಾಲು ಬರೆದರು. ಎಲ್ಲಾ ಮನೆಯವರೂ ಆಡುವ ಮಾತು ಆಡು ಅಂತ ಒಂದು ಸಾಲು. ಫೋನು ಕೇಳಿದರೆ ಫೋನಿನ ದಾರಿ ತೋರಿಸು ಅಂತ ಇನ್ನೊಂದು ಸಾಲು.

ಅಪ್ಪಣೆ ಸಿಕ್ಕ ಸ್ವಿಚ್ಚು ಮೆಲ್ಲಗೆ ಕರೆಯಿತು, "ಯಾರಪ್ಪಾ ನೀನು?"

ಫೋನಿಗೆ ಎಲ್ಲಿಲ್ಲದ ಖುಷಿ. ಬೆಳಗಿನಿಂದ ಸ್ವಿಚ್ಚು ಅದನ್ನು ಮಾತಾಡಿಸಿಯೇ ಇರಲಿಲ್ಲ. "ನಾನು ಫೋನು. ಬ್ಯಾರೆ ಮನಿಯಾಂವ."

"ಬ್ಯಾರೆ ಮನಿ ಆದ್ರೇನು, ಕುಂತಿರೂದು ಒಂದ ಶಾಲ್ಯಾಗ. ನಿನ್ನ ದಾರಿ ಇಲ್ಲಿ ಅದ, ಬಾ."

ಫೋನಿನ ಮುಖದ ಮೇಲಿದ್ದ "ಹುಡುಕುತ್ತಿದ್ದೇನೆ" ಅಳಿಸಿಹೋಯಿತು. ಗಡಿಯಾರ ಹನ್ನೆರಡು ಹೊಡೆಯಿತು. ಎಲ್ಲರೂ ಆಫೀಸಿನ ಬಾಗಿಲಲ್ಲಿ ಬಂದು ನಿಂತರು. ಪಾರವ್ವ ಹಿಟ್ಟಿನ ಕೈಯಲ್ಲೇ ಓಡಿ ಬಂದಳು. ಒಂದು ನಿಮಿಷ ಆಯಿತು. ಎರಡು ನಿಮಿಷ ಆಯಿತು.

ಟ್ರಿಣ್.

ಟ್ರಿಣ್ ಟ್ರಿಣ್.

ಟ್ರಿಣ್ ಟ್ರಿಣ್ ಟ್ರಿಣ್.

ಪಾರವ್ವ ಫೋನೆತ್ತಿದಳು. ಅಕ್ಕಾ, ಕೂಸಿನ ಕಿವಿಗೆ ಮೊಬೈಲು ಹಿಡಿದೀನಿ, ಹೇಳು ಅಂದ ತಮ್ಮ. ಆ ಕಡೆ ಕೂಸು ಕುಂಯ್ ಕುಂಯ್ ಅಳುತ್ತಿತ್ತು. ಪಾರವ್ವ ಫೋನಿಗೇ ಬಗ್ಗಿದಳು, ತೊಟ್ಟಿಲಿಗೆ ಬಗ್ಗಿದ ಹಾಗೆ.

"ಕುರ್ರ್" ಅಂದಳು. ಕೂಸು ಅಳು ನಿಲ್ಲಿಸಿತು.

"ಕುರ್ರ್. ನಿನ್ನ ಹೆಸರು ಇಂಚರ. ಕೇಳಿಸ್ತೇನವ್ವ? ಇಂಚರ."

ಕೂಸು "ಉಂ" ಅಂದಿತು. ನಿಜವಾಗಿಯೂ ಅಂದಿತು. ತೊಟ್ಟಿಲ ಸುತ್ತ ನಿಂತವರು ಹೋ ಅಂದರು. ಆದರೆ ಅವರು ಗುದ್ದುವುದು ಯಾರ ಬೆನ್ನಿಗೆ? ಅತ್ತೆಯ ಬೆನ್ನು ಅಲ್ಲಿಲ್ಲವಲ್ಲ.

ಬೆನ್ನು ಇಲ್ಲಿತ್ತು. ಬಗ್ಗಿಕೊಂಡೇ ಇತ್ತು. ಪಾರವ್ವ ತಿರುಗಿ ನೋಡಿ ಹೇಳಿದಳು, "ಹೆಸರಿಟ್ಟೇನಿ. ಯಾಕ ಸುಮ್ನ ನಿಂತೀರಿ? ಗುದ್ರಿ."

ನಲವತ್ತು ಹುಡುಗಿಯರು ಗುದ್ದಿದರು, ಧಬ್ ಧಬ್ ಧಬ್. ಸೈಫನ್ ಸರ್ ಸಂಕೋಚದಿಂದ ಒಂದೇ ಒಂದು ಗುದ್ದಿದರು. ಮಾನಪ್ಪ ಕಾಕಾ ರೊಟ್ಟಿಯ ಕಸುವಿನಲ್ಲಿ ಎರಡು ಗುದ್ದಿದ. ಬೆಕ್ಕು ಬಾಲದಿಂದ ಹೊಡೆಯಿತು. ಎಮ್ಮೆಗೆ ಬಾಗಿಲು ಸಾಲಲಿಲ್ಲ, ಅದು ಹೊರಗೆ ನಿಂತೇ ವ್ಞಾಂ ಅಂದಿತು. ಸ್ವಿಚ್ಚು ಹಸಿರು ದೀಪಗಳನ್ನೆಲ್ಲ ಒಟ್ಟಿಗೇ ಮಿಣುಕಿಸಿತು.

ಆಮೇಲೆ ಎಲ್ಲರೂ ಬಿಸಿರೊಟ್ಟಿ ಉಂಡರು. ಸಂಜೆ ಒಬ್ಬ ಪುಟ್ಟ ಹುಡುಗಿ ಬಂದು ಕೇಳಿದಳು, ಪಾರಕ್ಕಾ, ಬೆನ್ನು ನೋಯ್ತದೇನು ಅಂತ.

ಕೂಸಿಗೆ ಹೆಸರು ಸಿಕ್ಕಿತು, ನಿಮಗೆ ಕತೆ ಸಿಕ್ಕಿತು. ಹೇಳಿ ಹೇಳಿ ನನ್ನ ಬಾಯಿ ಒಣಗಿತು, ಯಾರಾದರೂ ಒಂದು ಲೋಟ ನೀರು ತನ್ನಿ. ಏನು? ಪಾರವ್ವ ಏನಂದಳು ಅಂತಲೇ? ಅವಳು ಬೆನ್ನು ಸವರಿಕೊಂಡು ನಕ್ಕಳು.

"ನೋಯ್ಲಿ ಬಿಡು, ಪುಟ್ಟಿ" ಅಂದಳು. "ನಾ ಈಗ ಅತ್ತಿ ಅದೀನಿ."