ತೊಳೆದ ಮುಖ

“ಗುರುಗಳೇ, ಉಪವಾಸ ಮಾಡುವವನು ಮುಖ ಬಾಡಿಸಿಕೊಳ್ಳದೆ ತಲೆಗೆ ಎಣ್ಣೆ ಹಚ್ಚಿ, ಮುಖ ತೊಳೆದುಕೊಂಡಿರಲಿ ಎಂದು ಕರ್ತನು ಕಲಿಸಿದನಲ್ಲವೇ? ಹಾಗಾದರೆ ವಿಶ್ವಾಸಿಯು ತನ್ನ ದುಃಖವನ್ನೂ ಹೀಗೆಯೇ ಮುಚ್ಚಿಡಬೇಕೇ?”

ಕೇಳಿದವನು ಜೀವರತ್ನ. ಅವನು ಮೊದಲ ಬಾರಿಗೆ ಒಂದು ಸಾವಿನ ಮನೆಗೆ ಸಾಂತ್ವನ ಹೇಳಲು ಹೊರಟಿದ್ದ. ವೃದ್ಧ ಉಪದೇಶಿ ದೇವಮಿತ್ರರು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಬಟ್ಟೆ ವರ್ತಕನಿದ್ದ. ಅವನಿಗೂ ಹೆಂಡತಿಗೂ ಇದ್ದವಳು ಒಬ್ಬಳೇ ಮಗಳು, ಸುಗುಣಾ. ಜ್ವರ ಬಂದು ಅವಳು ತೀರಿಕೊಂಡಳು. ಅವಳನ್ನು ಮಣ್ಣು ಮಾಡಿದ ಮೇಲಿನ ಭಾನುವಾರ ಸಭಾಪಾಲಕರು ಉಪವಾಸದ ಆ ಮಾತಿನ ಮೇಲೆಯೇ ಪ್ರಸಂಗ ಮಾಡಿದರು. ವರ್ತಕ ಅದು ತನಗೇ ಹೇಳಿದ್ದೆಂದು ಗಟ್ಟಿಯಾಗಿ ಹಿಡಿದುಕೊಂಡ. ಉಪವಾಸಕ್ಕೆ ಹೇಳಿದ್ದು ದುಃಖಕ್ಕೂ ಸಲ್ಲುತ್ತದೆಯೇ ಎಂದು ಯಾರನ್ನೂ ಕೇಳಲಿಲ್ಲ. ಕೇಳಿ ತಿಳಿಯುವ ಅಭ್ಯಾಸ ಸಾಹುಕಾರರಿಗೆ ಕಡಿಮೆ.

ಅಂದಿನಿಂದ ಅವನು ತಲೆಗೆ ಎಣ್ಣೆ ಹಚ್ಚಿ, ಶುಭ್ರವಾದ ಧೋತರ ಉಟ್ಟು, ದೇವಾಲಯದ ಬಾಗಿಲಲ್ಲಿ ನಿಂತು ಬಂದವರಿಗೆಲ್ಲ ನಗುನಗುತ್ತ ವಂದನೆ ಹೇಳತೊಡಗಿದ. ಸಭೆಯವರು ಬೆರಗಾದರು. ವಿಶ್ವಾಸವೆಂದರೆ ಇದು ಎಂದು ಮನೆಮನೆಯಲ್ಲಿ ಮಾತಾಡಿಕೊಂಡರು. ಅವನ ಮನೆಗೆ ಪ್ರಾರ್ಥನೆಗೆ ಬರುವುದನ್ನೂ ಬಿಟ್ಟರು. ಅಲ್ಲಿ ಅದರ ಅಗತ್ಯವಿಲ್ಲವಲ್ಲ!

ಆದರೆ ಅವನಿಗೆ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ಅಂಗಡಿಯಲ್ಲಿ ಅಳೆದ ಬಟ್ಟೆಯನ್ನೇ ಮತ್ತೆ ಅಳೆಯುತ್ತಿದ್ದ. ಊಟಕ್ಕೆ ಕೂತವನು ಯಾರೋ ಕರೆದಂತೆ ಎದ್ದು ಬಾಗಿಲಿಗೆ ಹೋಗುತ್ತಿದ್ದ. ಹೆಂಡತಿ ತನ್ನ ಕಡೆ ನೋಡಿದರೆ ಥಟ್ಟನೆ ನಗುತ್ತಿದ್ದ. ಮಗಳ ಹೆಸರು ಬಾಯಿಗೆ ಬಂದರೆ ತನ್ನ ವಿಶ್ವಾಸ ಎಲ್ಲಿ ಕುಸಿದೀತೋ ಎಂದು ಹೆದರಿ ವ್ಯಾಪಾರದ ಮಾತು ತೆಗೆಯುತ್ತಿದ್ದ. ಅವಳೂ ಸುಮ್ಮನೆ ಬಡಿಸುತ್ತಿದ್ದಳು. ಪಾಪ, ಒಂದೇ ಮನೆಯಲ್ಲಿ ಇಬ್ಬರೂ ಒಂಟಿಯಾಗಿದ್ದರು.

ಹೀಗಿರುವಾಗ ಅದೇ ಸಭೆಯ ಒಬ್ಬ ನೇಕಾರನ ಮಗ ಸತ್ತ. ನೇಕಾರ ನೆಲಕ್ಕೆ ಬಿದ್ದು ಹೊರಳಾಡಿದ. ಅವನಿಗೆ ಧೈರ್ಯ ಹೇಳಲು ಇವರೇ ಸರಿ ಎಂದು ಹಿರಿಯರು ವರ್ತಕನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಹೋದರು. ಆ ಗೋಳು ಕೇಳಿದ್ದೇ ವರ್ತಕನಿಗೆ ಕರುಳು ಕಿತ್ತು ಬಂದಂತಾಯಿತು. ತಾನೂ ನೇಕಾರನ ಪಕ್ಕದಲ್ಲಿ ಬಿದ್ದು ಬಾಯಿಬಿಟ್ಟು ಅಳಬೇಕೆನಿಸಿತು. ಆದರೆ ಎಲ್ಲರೂ ಅವನ ಮುಖವನ್ನೇ ನೋಡುತ್ತಿದ್ದರು.

“ಏಳಪಾ, ಮುಖ ತೊಳಕೋ. ಮಗ ಕರ್ತನ ಹತ್ರ ಹೋಗ್ಯಾನ, ಅಳೂದು ಯಾಕ?” ಎಂದ.

ನೇಕಾರ ತಲೆಯೆತ್ತಿ ಆ ನಗುಮುಖವನ್ನು ನೋಡಿದ. ತನ್ನ ಅಳುವಿಗೆ ತಾನೇ ನಾಚಿಕೊಂಡ. ಎದ್ದು ಹೋಗಿ ಮುಖ ತೊಳೆದು ಬಂದು ಗೋಡೆಗೆ ಒರಗಿ ಕೂತ. ಅಳು ನಿಂತಿತು. ಹಿರಿಯರು ಸಮಾಧಾನಪಟ್ಟರು.

ಆಗ ಒಳಗಿನ ಹೆಂಗಸರ ನಡುವಿನಿಂದ “ಸುಗುಣಾ!” ಎಂಬ ಚೀರಾಟ ಕೇಳಿತು. ವರ್ತಕ ಬೆಚ್ಚಿಬಿದ್ದು ಇಣುಕಿ ನೋಡಿದ. ನೇಕಾರನ ಹೆಂಡತಿಯನ್ನು ತಬ್ಬಿಕೊಂಡು ಅಳುತ್ತಿದ್ದವಳು ತನ್ನದೇ ಹೆಂಡತಿ.

ಮನೆಗೆ ಮರಳುವ ದಾರಿಯಲ್ಲಿ ಅವನು ಅವಳನ್ನು ಕೇಳಿದ, “ಇಷ್ಟು ದಿನ ಇದನ್ನೆಲ್ಲಾ ಒಳಗ ಇಟಗೊಂಡಿದ್ದಿ. ನನಗ್ಯಾಕ ಹೇಳಲಿಲ್ಲ?”

“ನೀವು ನಕ್ಕೋತ ಅಡ್ಡಾಡತಿದ್ರಿ. ಆಕಿ ನನ್ನೊಬ್ಬಾಕಿ ಮಗಳೇನೋ ಅಂತ ತಿಳಕೊಂಡಿದ್ದೆ.”

ವರ್ತಕನ ಎದೆ ಒಡೆಯಿತು. ಅವಳು ನನ್ನ ಮಗಳೂ ಹೌದು ಎಂದು ಹೇಳಿ ಅತ್ತುಬಿಡಬೇಕೆಂದು ಬಾಯಿ ತೆರೆದ. ಅಷ್ಟರಲ್ಲಿ ಎದುರಿಗೆ ಬಂದ ಸಭೆಯವರೊಬ್ಬರು ಕೈಮುಗಿದು ವಂದನೆ ಹೇಳಿದರು. ಅಭ್ಯಾಸಬಲದಿಂದ ಅವನ ಮುಖ ನಕ್ಕಿತು. ಆ ನಗುವನ್ನು ಹೆಂಡತಿ ನೋಡಿದಳು. ಸೆರಗು ಹೊದ್ದು ಮುಂದೆ ನಡೆದಳು. ಅವನು ಅವಸರದಿಂದ ಹಿಂದೆ ಹೋದ. ಅವಳ ಹೆಸರು ಹಿಡಿದು ಕೂಗಿದ. ಅವಳು ತಿರುಗಲಿಲ್ಲ.

ದೇವಮಿತ್ರರು ಅಲ್ಲಿಗೆ ಕತೆ ನಿಲ್ಲಿಸಿದರು. ಜೀವರತ್ನನಿಗೆ ತಡೆಯಲಾಗಲಿಲ್ಲ.

“ಆದರೆ ಗುರುಗಳೇ, ಅವನು ಕರ್ತನ ಮಾತನ್ನೇ ಪಾಲಿಸಿದನಲ್ಲವೇ?”

“ಕರ್ತನು ಗೆಳೆಯನ ಸಮಾಧಿಯ ಹತ್ತಿರ ಎಲ್ಲರ ಎದುರಿಗೇ ಅತ್ತನು. ಆಗ ನೀನು ಪಕ್ಕದಲ್ಲಿದ್ದಿದ್ದರೆ, ‘ಸ್ವಾಮೀ, ಮುಖ ತೊಳೆದುಕೊಳ್ಳಿ’ ಎನ್ನುತ್ತಿದ್ದೆಯಾ?”