ದೂರುಗಲ್ಲಿನ ಮೇಲೆ ಜುಂಜ

"ಕೇಳ್ರಪ್ಪೋ ಕೇಳಿ! ಇನ್ನು ಮೇಲೆ ಉರಿಯೋ ಪ್ರತಿ ಒಲೆಗೂ ತೆರಿಗೆ. ಹಾಸಿಗೆ ಹಿಡಿದವರ ಮನೆಗಿದ್ದ ಮಾಫಿ ರದ್ದು. ಕೊಡಲಾರದವರು ಕಲ್ಲುಗಣಿಯಲ್ಲಿ ದುಡಿಯಬೇಕು. ತಕರಾರಿದ್ದವರು ದೂರುಗಲ್ಲಿನ ಮೇಲೆ ಕೂತು ಅರಸರ ಮೂರು ಒಗಟು ಬಿಡಿಸಲಿ. ತಪ್ಪಿದರೆ ತಲೆದಂಡ!"

ಸೋಮಗಿರಿಯ ಅರಸ ಚಂದ್ರಶೂರ ಹೀಗೆ ಡಂಗುರ ಹೊಡೆಸಿದ. ಉಂಡು ಮಲಗುವವನಿಗೆ ಹಾಸಿಗೆ ಹಿಡಿದವರ ಪಾಡು ಎಲ್ಲಿ ಗೊತ್ತಾಗಬೇಕು! ಅಲ್ಲಿಯ ಪದ್ಧತಿಯಂತೆ, ದೂರುಗಲ್ಲಿನ ಮೇಲೆ ಕೂತವನು ತೀರ್ಪಾಗುವ ತನಕ ಏಳುವಂತಿಲ್ಲ. ಎದ್ದರೆ ದೂರು ಬಿದ್ದುಹೋಯಿತು.

ಹಾಸಿಗೆ ಹಿಡಿದ ಕುರುಡು ಅಣ್ಣನನ್ನು ಸಾಕುತ್ತಿದ್ದ ಕುಂಬಾರನೊಬ್ಬ ಮೊದಲು ಬಂದ. "ನನ್ನ ಸೀಮೆಯಲ್ಲಿ ಎಲ್ಲಕ್ಕಿಂತ ಉದ್ದದ ದಾರಿ ಯಾವುದು?" ಎಂದ ಅರಸ. "ರಾಜಬೀದಿ" ಅಂದ ಕುಂಬಾರ, ಪಾಪ, ಅರಸನಿಗೆ ಖುಷಿಯಾಗಲಿ ಅಂತ. ತಲೆ ಹೋಯಿತು. ಆಮೇಲೆ ಬಂದ ಪಂಡಿತ "ಸ್ವರ್ಗದ ದಾರಿ" ಅಂದ. ಅವನೂ ಹೋದ.

ಕಂಬಳಿ ನೇಯುವ ಜುಂಜ ಮೂರನೆಯವನು. ಕಾಲು ಬಿದ್ದುಹೋದ ಅವ್ವ ದ್ಯಾವಕ್ಕನ ಪಕ್ಕದಲ್ಲೇ ಮಗ್ಗ ಹೂಡಿಕೊಂಡು ಬದುಕಿದ್ದ. ತೆರಿಗೆಗೆ ಕಾಸಿಲ್ಲದೆ ತಾನು ಗಣಿಗೆ ಹೋದರೆ ಅವಳ ಬಾಯಿಗೆ ನೀರು ಬಿಡುವವರು ಯಾರು? ಮನೆಯಲ್ಲಿ ಬಿಟ್ಟು ಬರಲಾರದೆ ಅವಳನ್ನು ಕಂಬಳಿಯಲ್ಲಿ ಬೆನ್ನಿಗೆ ಕಟ್ಟಿಕೊಂಡೇ ಬಂದು ಕಲ್ಲಿನ ಮೇಲೆ ಕೂತ. ಬಿಸಿಲು ಸುಡುತ್ತಿತ್ತು.

"ಉದ್ದದ ದಾರಿ ಯಾವುದು?"

"ನಮ್ಮವ್ವನ ಚಾಪೆಯಿಂದ ನಮ್ಮನೆ ಹೊಸ್ತಿಲಿಗೆ ಹೋಗೋ ದಾರಿ, ಬುದ್ಧಿ. ಕಾಲು ಹೋದಾಗಿಂದ ಹೊರಟವ್ಳೆ, ಇನ್ನೂ ಮುಟ್ಟಿಲ್ಲ."

ಅರಸ ಹುಬ್ಬೇರಿಸಿದ. "ಆಗಲಿ. ಊರೆಲ್ಲ ಮಲಗಿದರೂ ಮುಚ್ಚದ ಬಾಗಿಲು ಯಾವುದು?"

"ಕಾಯಿಲೆಯವರ ಪಕ್ಕ ಮಲಗಿದವರ ಕಿವಿ."

ಅಷ್ಟರಲ್ಲಿ ಬೆನ್ನ ಮೇಲಿಂದ ಸಣ್ಣ ದನಿ ಬಂತು: "ನೀರು ಕಣೋ ಮಗ." ಜುಂಜ ಏಳಹೋದ. "ಏಳಬ್ಯಾಡ! ನೀನೆದ್ರೆ ಎಷ್ಟು ಮನೆ ಹಾಳಾಗ್ತವೆ. ಕೂತ್ಕೋ" ಎಂದಳು ದ್ಯಾವಕ್ಕ. ಕಾವಲಿನವನೊಬ್ಬ ನೀರಿಗೆ ಓಡಿದ.

ಅರಸ ತಲೆದೂಗಿ ಮೂರನೆಯದನ್ನು ಕೇಳಿದ. "ಹೊತ್ತಷ್ಟೂ ಹಗುರವಾಗುವುದು, ಇಳಿಸಿದರೆ ಭಾರವಾಗುವುದು ಯಾವುದು?"

ಜುಂಜ ಬಾಯಿ ತೆರೆಯುವಷ್ಟರಲ್ಲಿ ಅವ್ವನ ಗದ್ದ ಅವನ ಹೆಗಲ ಮೇಲೆ ಬಿತ್ತು. ಕುತ್ತಿಗೆಗೆ ತಾಗುತ್ತಿದ್ದ ಉಸಿರು ನಿಂತಿತ್ತು. ನೀರು ತಂದವನು ಅಲ್ಲೇ ನಿಂತುಬಿಟ್ಟ.

"ಅವ್ವ" ಅಂದ ಜುಂಜ. "ಸೊರಗಿ ಸೊರಗಿ ದಿನಾ ಹಗುರಾಗ್ತಿದ್ಳು. ಈಗ ಇಳಿಸ್ಬೇಕು. ನನ್ನ ಕೈಲಾಗ್ತಿಲ್ಲ, ಬುದ್ಧಿ."

ಅರಸ ಸಿಂಹಾಸನ ಬಿಟ್ಟು ಇಳಿದು ಬಂದ. ಕಂಬಳಿಯ ಗಂಟನ್ನು ತಾನೇ ಬಿಚ್ಚಿದ. "ನನ್ನ ಮನಸ್ಸಿನಲ್ಲಿದ್ದ ಉತ್ತರ ಕಿರೀಟ. ಹೊತ್ತು ರೂಢಿಯಾದವನಿಗೆ ಅದು ಹಗುರ, ಕಳಕೊಂಡವನಿಗೆ ಭಾರ ಅಂದುಕೊಂಡಿದ್ದೆ. ನಿನ್ನ ಉತ್ತರದ ಮುಂದೆ ಅದು ಏನೂ ಅಲ್ಲ. ಮಾಫಿ ಎಲ್ಲರಿಗೂ ಮರಳಿ ಸಿಗಲಿ. ಮೊದಲು ನಿನ್ನ ಮನೆಗೆ."

"ನಮ್ಮನೇಲಿ ಈಗ ಹಾಸಿಗೆ ಹಿಡಿದೋರು ಯಾರೂ ಇಲ್ಲ, ಬುದ್ಧಿ. ನಾನು ತೆರಿಗೆ ಕೊಡೋನೇ."

ಅರಸ ಬೇಡವೆಂದರೂ ಅವನು ಕೇಳಲಿಲ್ಲ. ಅವ್ವನನ್ನು ಮಣ್ಣು ಮಾಡಿ ಮಾರನೆಯ ದಿನ ತೆರಿಗೆಯ ಬದಲು ದುಡಿಯಲು ಕಲ್ಲುಗಣಿಗೆ ಹೋದ. ಬೆನ್ನ ಮೇಲೆ ಏನೂ ಇರಲಿಲ್ಲ, ಆದರೂ ದಾರಿಯುದ್ದಕ್ಕೂ ಬಗ್ಗಿಕೊಂಡೇ ನಡೆದ.