ಅರವಟ್ಟಿಗೆಯವನ ಬಾಯಾರಿಕೆ

"ಬುದ್ಧಿ, ಒಂದು ಒಗಟು ಹೇಳ್ತೀನಿ, ಬಿಡಿಸಿ. ದಿನಾ ಪಂಕ್ತಿಯ ಈ ತುದಿಯಿಂದ ಆ ತುದಿಗೆ ಓಡುತ್ತದೆ. ಅನ್ನ ಸಾರಿನಲ್ಲೇ ಮುಳುಗಿ ಏಳುತ್ತದೆ, ಒಂದು ಅಗುಳೂ ಅದರ ಹೊಟ್ಟೆಗೆ ಇಳಿಯುವುದಿಲ್ಲ. ಎಲ್ಲರೂ 'ಇಲ್ಲಿ ಬಾ, ಇಲ್ಲಿ ಬಾ' ಅನ್ನುತ್ತಾರೆ, ಹೆಸರು ಯಾರಿಗೂ ಗೊತ್ತಿಲ್ಲ. ಏನದು?"

ಕೇಳಿದವನು ಕೊಟ್ರೇಶ, ಮಠದ ಶಿಷ್ಯ. ಶಾಲೆಯನ್ನು ಅರ್ಧಕ್ಕೇ ಬಿಟ್ಟು ಬಂದವನು. ಬಾಯಿ ಮಾತ್ರ ಕಾಲೇಜು ಮುಗಿಸಿತ್ತು.

ಮಧ್ಯಾಹ್ನದ ದಾಸೋಹ ಮುಗಿದಿತ್ತು. ಗುರುಗಳು ಕಟ್ಟೆಯ ಮೇಲೆ ಕುಳಿತಿದ್ದರು. ಸ್ವಲ್ಪ ಯೋಚಿಸಿ, "ಸೌಟು" ಎಂದರು.

"ಅಲ್ಲ ಬುದ್ಧಿ. ಸೌಟು ಪುಣ್ಯ ಮಾಡಿದೆ. ಕೆಲಸ ಮುಗಿದ ಮೇಲೆ ಅದನ್ನು ತೊಳೆದು ಗೋಡೆಗೆ ನೇತುಹಾಕ್ತಾರೆ. ಇದು ನಾನು."

ಗುರುಗಳು ನಕ್ಕರು. ಹೇಳಿದವನು ನಗದಿರುವುದನ್ನು ಕಂಡು ನಗು ನಿಲ್ಲಿಸಿದರು. ಕಂಬದ ಮರೆಯಲ್ಲಿ ಒಂದು ಬಟ್ಟೆಯ ಗಂಟು ಇತ್ತು. ಅದೂ ಅವರ ಕಣ್ಣಿಗೆ ಬಿತ್ತು.

ಅದೊಂದು ಸಣ್ಣ ನಗರ. ಆಸ್ಪತ್ರೆಗೆ ಬಂದವರು, ಸಂತೆಗೆ ಬಂದವರು, ಹಾಸ್ಟೆಲಿನ ಹುಡುಗರು, ಎಲ್ಲರೂ ಮಠದಲ್ಲಿ ಉಣ್ಣುತ್ತಿದ್ದರು. ಕೊಟ್ರೇಶ ಬಡಿಸುತ್ತಿದ್ದ. ಬಾಗಿಲಲ್ಲಿ ಎದುರಾದವರನ್ನೆಲ್ಲ "ಊಟ ಆಯ್ತಾ?" ಎಂದು ಕೇಳಿ, ಆಗಿಲ್ಲ ಎಂದವರನ್ನು ಕೈಹಿಡಿದು ಕೂರಿಸುತ್ತಿದ್ದ. ಭಾನುವಾರ ನಗರದ ಸೇವಾ ಸಂಘದವರು ಬರುತ್ತಿದ್ದರು. ಎಲ್ಲರಿಗೂ ಒಂದೇ ಬಣ್ಣದ ಅಂಗಿ. ಪಾಯಸದ ಬಕೀಟಿಗೆ ನೂಕಾಟ ನಡೆಯುತ್ತಿತ್ತು. ಸಾರಿನ ಬಕೀಟಿಗೆ ಒಬ್ಬರೋ ಇಬ್ಬರೋ ಸಿಗುತ್ತಿದ್ದರು. ಎಂಜಲೆಲೆಗೆ ಕೊಟ್ರೇಶ. ಸಂಘದವರು ತೆಗೆಸಿಕೊಂಡ ಫೋಟೋದಲ್ಲಿ ಅವನ ಮೊಣಕೈ ಬಂದಿತ್ತು.

ಹಿಂದಿನ ಭಾನುವಾರ ಅವನು ಪಾಯಸದ ಬಕೀಟಿಗೆ ಬಾವಿಯ ನೀರು ತುಂಬಿ ಮುಚ್ಚಳ ಹಾಕಿಟ್ಟಿದ್ದ. ಫೋಟೋ ಮುಗಿಯುವವರೆಗೆ ಒಬ್ಬರೂ ಮುಚ್ಚಳ ತೆಗೆಯಲಿಲ್ಲ. ಅದನ್ನು ನೆನೆದು ಅಡುಗೆಭಟ್ಟರ ಮುಂದೆ ವಾರವಿಡೀ ನಕ್ಕಿದ್ದ. ಈ ಭಾನುವಾರ ತುಂಟಾಟಕ್ಕೂ ಅವನಲ್ಲಿ ತ್ರಾಣ ಇರಲಿಲ್ಲ. ಸಂಘದವರು ಕೈತೊಳೆದು ಹೊರಟಾಗ, "ಪಾತ್ರೆಗಳು ಹಾಗೇ ಇವೆಯಲ್ಲ ಸರ್" ಎಂದಿದ್ದ. "ನೀವಿದ್ದೀರಲ್ಲ!" ಎಂದು ಬೆನ್ನು ತಟ್ಟಿ ಹೋಗಿದ್ದರು. ತಟ್ಟಿದ ಜಾಗ ಇನ್ನೂ ಭಾರವಾಗಿತ್ತು.

"ಒಂದೇ ಪ್ರಶ್ನೆ ಬುದ್ಧಿ. ಉತ್ತರ ಕೇಳಿಕೊಂಡು ಸಂಜೆ ಬಸ್ಸಿಗೆ ಹೊರಡ್ತೀನಿ. ಸೇವೆ ಮಾಡೋನಿಗೆ ಸಾಕಾಯ್ತು ಅನ್ನಿಸಿದರೆ ಅದು ಪಾಪವೇನು?"

ಗುರುಗಳು "ಕೂತುಕೋ" ಎಂದರು. ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಕೊಡೆ ರಿಪೇರಿಯವನಿದ್ದ. ಮಳೆಗಾಲದಲ್ಲಿ ಅವನಿಗೆ ಕೈತುಂಬ ಕೆಲಸ. ಬೇಸಿಗೆಯಲ್ಲಿ ಕೈ ಖಾಲಿ. ಆ ಬೇಸಿಗೆ ಊರಿನ ಹತ್ತಾರು ಜನ ಸೇರಿ ಬಸ್ ನಿಲ್ದಾಣದ ಬೇವಿನ ಮರದಡಿ ಅರವಟ್ಟಿಗೆ ಇಟ್ಟರು. ದೊಡ್ಡ ಮಡಕೆಗಳು, ಅವುಗಳ ಸುತ್ತ ಒದ್ದೆ ಬಟ್ಟೆ, ಪಕ್ಕದಲ್ಲಿ ಒಂದು ಬಕೀಟು, ಒಂದು ಚೊಂಬು. ದಾರಿಹೋಕರಿಗೆ ಬಿಟ್ಟಿ ನೀರು. ಸರದಿಯ ಮೇಲೆ ನಿಲ್ಲುತ್ತೇವೆಂದು ಎಲ್ಲರೂ ಮಾತು ಕೊಟ್ಟರು. ಕೊಡೆಯವನೂ ಕೊಟ್ಟ.

ಅರವಟ್ಟಿಗೆಗೆ ಒಂದು ರೂಢಿ ಇತ್ತು. ನೀರು ಕೊಡುವವನು ತನ್ನ ಕೈಯಾರೆ ಆ ನೀರು ಕುಡಿಯಬಾರದು. ಅದು ಧರ್ಮಕ್ಕೆ ಇಟ್ಟ ನೀರು. ಸರದಿ ಬಿಡಿಸಲು ಬಂದವನು ಮೊದಲು ಚೊಂಬು ಇಸಿದುಕೊಳ್ಳಬೇಕು, ಮೊದಲ ಚೊಂಬು ನೀರನ್ನು ನಿಂತು ದಣಿದವನಿಗೆ ಎರೆಯಬೇಕು. ಆಮೇಲೆ ದಾರಿಹೋಕರಿಗೆ.

"ನಮ್ಮ ಪಂಕ್ತಿಯ ಹಾಗೇ" ಎಂದ ಕೊಟ್ರೇಶ. ಮಠದಲ್ಲೂ ಬಡಿಸುವವನು ತನಗೆ ತಾನೇ ಬಡಿಸಿಕೊಳ್ಳುವಂತಿರಲಿಲ್ಲ.

ಗುರುಗಳು ತಲೆಯಾಡಿಸಿ ಮುಂದುವರಿಸಿದರು.

ಮೊದಲ ವಾರ ಸರದಿ ಸರಿಯಾಗಿ ನಡೆಯಿತು. ಆಮೇಲೆ ಒಬ್ಬನ ಮನೆಯಲ್ಲಿ ಮದುವೆ ಬಂತು. ಒಬ್ಬನಿಗೆ ಮೊಣಕಾಲು ಹಿಡಿಯಿತು. ಒಬ್ಬ ನೆಪವನ್ನೂ ಹೇಳಲಿಲ್ಲ. ದಾರಿಯಲ್ಲಿ ಸಿಕ್ಕಾಗ "ನೀನಿದ್ದೀಯಲ್ಲ ಮಾರಾಯ, ನಮಗೇನು ಚಿಂತೆ!" ಎಂದ. ಕೊಡೆಯವನಿಗೆ ಅದು ಹೊಗಳಿಕೆಯಂತೆ ಕೇಳಿಸಿತು. ಎದೆ ಉಬ್ಬಿತು. ಊರಿಗೆ ಊರೇ ತನ್ನನ್ನು ನಂಬಿದೆ ಎಂದುಕೊಂಡ. ಬೆಳಗಿನ ಸರದಿ ಅವನದಾಯಿತು. ಮಧ್ಯಾಹ್ನದ್ದೂ ಅವನದಾಯಿತು. ಸಂಜೆಯದನ್ನು ಒಬ್ಬ ಮುದುಕ ಮೇಷ್ಟ್ರು ಹಿಡಿದಿದ್ದರು. ಅವರು ಬಂದು ಎರೆದ ಮೇಲೆಯೇ ಕೊಡೆಯವನ ಗಂಟಲು ಒದ್ದೆಯಾಗುತ್ತಿತ್ತು.

ಹೊಗಳಿಕೆ ಎಷ್ಟು ದಿನ ಹೊಟ್ಟೆ ತುಂಬಿಸೀತು? ಬರಬರುತ್ತಾ ಆ ಮಾತು ಕೇಳಿದರೆ ಅವನಿಗೆ ಮೈ ಉರಿಯತೊಡಗಿತು. ಆದರೂ ಬಾಯಿಬಿಟ್ಟು ಯಾರನ್ನೂ ಕರೆಯಲಿಲ್ಲ. ಕರೆಯುವುದೇಕೆ, ಕಣ್ಣಿದ್ದವರು ನೋಡಲಿ ಎಂದು ಹಟ ಹಿಡಿದ.

ಒಂದು ದಿನ ಬಿಸಿಲಿಗೆ ರಸ್ತೆಯ ಡಾಂಬರು ಕರಗಿ ಚಪ್ಪಲಿಗೆ ಅಂಟುತ್ತಿತ್ತು. ಮೇಷ್ಟ್ರು ಅಂದು ಬೆಳಿಗ್ಗೆಯೇ ಮಗಳ ಊರಿಗೆ ಹೋಗಿದ್ದರು. ಕೊಡೆಯವನಿಗೆ ಯಾರೂ ಹೇಳಿರಲಿಲ್ಲ. ಅವನು ದಾರಿ ನೋಡುತ್ತಾ ನೀರು ಎರೆದ. ಡ್ರೈವರ್ ಕುಡಿದ, ಕಂಡಕ್ಟರ್ ಕುಡಿದ. ಬಸುರಿಯೊಬ್ಬಳು ಕುಡಿದು ಮುಖಕ್ಕೂ ಚಿಮುಕಿಸಿಕೊಂಡಳು. ಒಂದು ಹಸುವೂ ಬಂದು ಬಕೀಟಿಗೆ ಮೂತಿ ಇಟ್ಟಿತು. ಕುಡಿದವರೆಲ್ಲ ಒಳ್ಳೆಯ ಜನ. "ನಿನ್ನ ಹೊಟ್ಟೆ ತಣ್ಣಗಿರಲಿ ಕಣಪ್ಪ" ಎಂದು ಹರಸಿ ಹೋದರು. ಅವನ ಹೊಟ್ಟೆ ಕಾದ ಹಂಚಿನಂತಿತ್ತು. ನಾಲಿಗೆ ಅಂಗುಳಕ್ಕೆ ಅಂಟಿತ್ತು. ಮೊಣಕೈಯವರೆಗೆ ಕೈ ಒದ್ದೆ, ತುಟಿ ಮಾತ್ರ ಒಣಗಿ ಬಿರಿದಿತ್ತು. ಮಡಕೆ ಒಂದು ಗೇಣು ದೂರದಲ್ಲಿತ್ತು.

"ಕುಡಿಯಬಾರದಿತ್ತೇ ಬುದ್ಧಿ? ನಾನಾಗಿದ್ದರೆ ಆ ಕಡೆ ಈ ಕಡೆ ನೋಡಿ ಒಂದು ಚೊಂಬು ಇಳಿಸಿಬಿಡ್ತಿದ್ದೆ."

"ಇವತ್ತು ನೀನು ಇಳಿಸಿದೆಯಾ?"

ಅಡುಗೆಮನೆಯಲ್ಲಿ ಅನ್ನ ಇನ್ನೂ ಇತ್ತು. ಕೊಟ್ರೇಶ ತಾನು ಉಣ್ಣದೆ ಅದರ ಮೇಲೆ ತಟ್ಟೆ ಮುಚ್ಚಿ ಬಂದಿದ್ದ.

ಗುರುಗಳು ಕತೆಗೆ ಮರಳಿದರು.

ಕೊಡೆಯವನು ಬೇವಿನ ಬುಡಕ್ಕೆ ಬೆನ್ನು ಕೊಟ್ಟು ಕುಸಿದ. ಆಗ ಪೊರಕೆ ಮಾರುವ ಒಬ್ಬ ಮುದುಕಿ ಬಂದಳು. ತಲೆಯ ಹೊರೆ ಇಳಿಸಿದಳು. ಅವನು ಹೇಗೋ ಎದ್ದು ಅವಳ ಬೊಗಸೆಗೆ ನೀರು ಎರೆದ. ಅವಳು ಕುಡಿದು ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. ಹರಸಲಿಲ್ಲ. ಅವನ ಮುಖವನ್ನೇ ನೋಡಿದಳು.

"ನೀನು ಕುಡಿದೆಯೇನೋ?"

"ಇದು ಬೇರೆಯವರಿಗೆ ಇಟ್ಟಿದ್ದು ತಾಯಿ."

"ನಿನಗೆ ನಾನು ಬೇರೆಯವಳು. ನನಗೆ ನೀನು ಬೇರೆಯವನಲ್ಲವೇನೋ, ಹುಚ್ಚಪ್ಪ? ತಾ ಇಲ್ಲಿ ಚೊಂಬು."

ಅವಳು ಎರೆದಳು. ಅವನು ಬೊಗಸೆಯೊಡ್ಡಿ ಕುಡಿದ. ಮೂಗಿಗೂ ಹೋಯಿತು, ಎದೆಯ ಮೇಲೂ ಸುರಿಯಿತು. ಕುಡಿಯುತ್ತಾ ಅತ್ತ. ಮುದುಕಿ ಪೊರಕೆ ಹೊರೆಯನ್ನು ಮರಕ್ಕೆ ಒರಗಿಸಿ, ಸಂಜೆಯವರೆಗೆ ಅವನ ಜಾಗದಲ್ಲಿ ನಿಂತಳು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

ಕೊಟ್ರೇಶನ ಮುಖಕ್ಕೆ ಕಳೆ ಬಂದಿತ್ತು. ಎದ್ದು ಹೋಗಿ ಕಂಬದ ಮರೆಯಿಂದ ಗಂಟು ತಂದ. ಅದರ ಮೇಲೆಯೇ ಕುಳಿತ.

"ಭೇಷ್ ಮುದುಕಿ! ಅವಳಿಗೊಂದು ಪಾಯಸದ ಬಕೀಟು ಕೊಡಬೇಕು ಬುದ್ಧಿ, ಮುಚ್ಚಳ ತೆಗೆದು. ಹಾಗಾದರೆ ನನಗೂ ಒಬ್ಬಳು ಬರ್ತಾಳೆ ಅಂತಾಯ್ತು. ಕಾಯ್ತೀನಿ ಬಿಡಿ. ಇವತ್ತಿನ ಬಸ್ಸು ಹೋದರೆ ಹೋಗಲಿ. ಆಮೇಲೆ ಆ ಅರವಟ್ಟಿಗೆ ಏನಾಯ್ತು? ಆ ಮುದುಕಿ ದಿನಾ ಬರ್ತಿದ್ದಳಾ?"

ಗುರುಗಳು ಕಟ್ಟೆಯಿಂದ ಇಳಿದರು. ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಹೋಗಿ, ಗೋಡೆಗೆ ನೇತುಹಾಕಿದ್ದ ಸೌಟನ್ನು ಕೈಗೆ ತೆಗೆದುಕೊಂಡರು.

"ಮುದುಕಿಯನ್ನು ನಾನು ಈಗ ಕತೆಗೆ ಕಟ್ಟಿ ಸೇರಿಸಿದೆ ಕೊಟ್ರೇಶ, ಅವತ್ತು 'ನೀನು ಕುಡಿದೆಯಾ' ಅಂತ ಅವನನ್ನು ಯಾರೂ ಕೇಳಲಿಲ್ಲ, ಅರವಟ್ಟಿಗೆ ಅಂದಿಗೇ ಮುಗಿಯಿತು, ನಿನ್ನ ಊಟ ಆಯ್ತೇನಪ್ಪ?"